ಟವೆಲ್ ಅಡಿಯ ದರ

ನಿಮ್ಮಲ್ಲಿ ರೀಲ್ಸ್‌ಗೋ ಯೂಟ್ಯೂಬ್ ವಿಡಿಯೊಗೋ ಕಂಪನಿಗಳಿಂದ ದುಡ್ಡು ತಗೊಂಡವರು ಎಷ್ಟು ಜನ? ಕೈ ಎತ್ತಿ. ಪರವಾಗಿಲ್ಲ, ಸುಮಾರು ಜನ ಇದ್ದೀರಿ. ಈಗ ಇನ್ನೊಂದು ಪ್ರಶ್ನೆ. ಅದೇ ಕಂಪನಿ, ಅದೇ ಕೆಲಸಕ್ಕೆ, ನಿಮ್ಮಷ್ಟೇ ಫಾಲೋವರ್ಸ್ ಇರುವ ಇನ್ನೊಬ್ಬರಿಗೆ ಎಷ್ಟು ಕೊಟ್ಟಿತು ಅಂತ ಗೊತ್ತಿರುವವರು? ನೋಡಿ, ಕೈಗಳೆಲ್ಲ ಇಳಿದುಬಿಟ್ಟವು.

ಇವತ್ತು ಮಾತಾಡಬೇಕಿರುವುದು ಅಮೆರಿಕದ ವಿಷಯ. ಅಲ್ಲಿನ ಕಪ್ಪು ಜನಾಂಗದ ಕಂಟೆಂಟ್ ಕ್ರಿಯೇಟರ್‌ಗಳಿಗೆ ಬಿಳಿಯರಿಗಿಂತ ಕಡಿಮೆ ದುಡ್ಡು ಯಾಕೆ ಸಿಗುತ್ತದೆ, ಕಡಿಮೆ ಅವಕಾಶ ಯಾಕೆ ಸಿಗುತ್ತದೆ ಅನ್ನೋದು. ಆದರೆ ಉತ್ತರದ ದೊಡ್ಡ ಪಾಲು ನಿಮ್ಮ ಇಳಿದ ಕೈಗಳಲ್ಲೇ ಇದೆ. ಪಕ್ಕದವರಿಗೆ ಎಷ್ಟು ಸಿಕ್ಕಿತು ಅಂತ ಗೊತ್ತಿಲ್ಲದಿದ್ದರೆ, ನಮಗೆ ಕಡಿಮೆ ಸಿಕ್ಕಿದೆ ಅನ್ನೋದೂ ಗೊತ್ತಾಗುವುದಿಲ್ಲ. ಗೊತ್ತೇ ಆಗದ ಅನ್ಯಾಯವನ್ನು ಯಾರ ಹತ್ತಿರ ಹೋಗಿ ಕೇಳುತ್ತೀರಿ?

ಮೊದಲು ಒಂದೆರಡು ಅಂಕಿ ಹೇಳಿಬಿಡುತ್ತೇನೆ. 2021ರ ಡಿಸೆಂಬರ್‌ನಲ್ಲಿ ಎಂಎಸ್‌ಎಲ್ ಎಂಬ ಪಿಆರ್ (ಸಾರ್ವಜನಿಕ ಸಂಪರ್ಕ) ಸಂಸ್ಥೆ, ದಿ ಇನ್‌ಫ್ಲುಯೆನ್ಸರ್ ಲೀಗ್ ಎಂಬ ಸಂಸ್ಥೆಯ ಜೊತೆ ಸೇರಿ ಒಂದು ಅಧ್ಯಯನ ಹೊರತಂದಿತು. ಅಮೆರಿಕದ 400ಕ್ಕೂ ಹೆಚ್ಚು ಇನ್‌ಫ್ಲುಯೆನ್ಸರ್‌ಗಳನ್ನು ಕೇಳಿ ಮಾಡಿದ ಅಧ್ಯಯನ ಅದು. ಬಿಳಿಯರಿಗೂ, ಬಿಳಿಯರಲ್ಲದ ಎಲ್ಲರಿಗೂ ನಡುವೆ ಗಳಿಕೆಯಲ್ಲಿ 29% ಅಂತರ ಕಂಡುಬಂತು. ಬಿಳಿಯರು ಮತ್ತು ಕಪ್ಪು ಜನಾಂಗದವರ ನಡುವೆ ಮಾತ್ರ ನೋಡಿದರೆ 35%. ಅಂದರೆ ಬಿಳಿ ಕ್ರಿಯೇಟರ್‌ಗೆ 100 ಡಾಲರ್ ಬಂದ ಕಡೆ ಕಪ್ಪು ಕ್ರಿಯೇಟರ್‌ಗೆ ಬಂದದ್ದು 65 ಡಾಲರ್.

ಅಮೆರಿಕದಲ್ಲಿ ಎಲ್ಲ ಕೆಲಸದಲ್ಲೂ ಈ ತಾರತಮ್ಯ ಇದ್ದೇ ಇದೆಯಲ್ಲ, ಇದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಅದೇ ವರದಿ ಬೇರೆ ಕ್ಷೇತ್ರಗಳ ಜೊತೆಗೂ ಹೋಲಿಸಿ ನೋಡಿತ್ತು. ಶಿಕ್ಷಣದಲ್ಲಿ ಅಂತರ 8%, ಕಟ್ಟಡ ನಿರ್ಮಾಣದಲ್ಲಿ 19%. ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಬಾಗಿಲು ತೆರೆದಿದೆ, ಒಂದು ಫೋನ್ ಇದ್ದರೆ ಸಾಕು ಅಂತ ಹೇಳುತ್ತಾ ಬಂದೆವು. ಆ ಜಾಗದಲ್ಲೇ ಅಂತರ ಇಷ್ಟು ಜಾಸ್ತಿ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಶಾಲೆ ಮೇಷ್ಟ್ರಿಗೆ ಸಂಬಳದ ಶ್ರೇಣಿ ಇದೆ, ಅದು ಕಾಗದದಲ್ಲಿ ಬರೆದಿರುತ್ತದೆ. ಕ್ರಿಯೇಟರ್‌ಗೆ ಏನಿದೆ? ಒಂದು ಇಮೇಲ್ ಬರುತ್ತದೆ, ಒಂದು ಸಂಖ್ಯೆ ಹೇಳುತ್ತಾರೆ. ಅದರ ಹಿಂದೆ ಏನು ಲೆಕ್ಕ ಇದೆ ಅನ್ನೋದು ಅವರಿಗೊಬ್ಬರಿಗೇ ಗೊತ್ತು.

ಈ 35% ಅನ್ನೋದು ಯಾರೋ ಒಬ್ಬ ಕೆಟ್ಟ ಮ್ಯಾನೇಜರ್ ಕೂತು ಕತ್ತರಿಸಿದ್ದಲ್ಲ. ಒಂದೊಂದು ಮೆಟ್ಟಿಲಲ್ಲಿ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಆ ಮೆಟ್ಟಿಲುಗಳನ್ನು ತೋರಿಸುವುದಕ್ಕೆ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ.

ಜಲಾಯಾ ಹಾರ್ಮನ್ ಅಂತ ಹೆಸರು. ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಹೊರವಲಯದ ಹುಡುಗಿ. 2019ರ ಸೆಪ್ಟೆಂಬರ್‌ನಲ್ಲಿ ಅವಳಿಗೆ 14 ವರ್ಷ. ಶಾಲೆ ಮುಗಿಸಿ ಮನೆಗೆ ಬಂದು, ಒಂದು ರ‍್ಯಾಪ್ ಹಾಡಿನ ತುಣುಕಿಗೆ ತಾನೇ ಒಂದು ಕುಣಿತ ಕಟ್ಟಿದಳು. ಮೊದಲು ಫನಿಮೇಟ್ ಎಂಬ ಚಿಕ್ಕ ಆ್ಯಪ್‌ಗೆ ಹಾಕಿದಳು, ಆಮೇಲೆ ಇನ್‌ಸ್ಟಾಗ್ರಾಮ್‌ಗೆ. ಆ ಕುಣಿತವೇ ರೆನೆಗೇಡ್. ಅಕ್ಟೋಬರ್‌ನಲ್ಲಿ ಯಾರೋ ಅದನ್ನು ಸ್ವಲ್ಪ ಬದಲಿಸಿ ಟಿಕ್‌ಟಾಕ್‌ಗೆ ತಂದರು. ಅಲ್ಲಿಂದ ಅದು ಚಾರ್ಲಿ ಡಿಅಮೆಲಿಯೊ ಕೈಗೆ ಸಿಕ್ಕಿತು. ಕನೆಕ್ಟಿಕಟ್‌ನ ಬಿಳಿ ಹುಡುಗಿ, ಅವಳೂ ಆಗ 15ರ ಆಸುಪಾಸಿನವಳೇ. ಅವಳು ಕುಣಿದ ಮೇಲೆ ಇಡೀ ಅಮೆರಿಕ ಕುಣಿಯಿತು. ಜನ ಚಾರ್ಲಿಗೆ ‘ರೆನೆಗೇಡ್‌ನ ಸಿಇಒ’ ಅಂತಲೇ ಹೆಸರಿಟ್ಟರು.

ಆ ತಿಂಗಳುಗಳಲ್ಲಿ ಜಲಾಯಾ ಏನು ಮಾಡುತ್ತಿದ್ದಳು ಗೊತ್ತಾ? ಆ ವಿಡಿಯೊಗಳ ಕೆಳಗೆ ಹೋಗಿ, ಇದು ನಾನು ಮಾಡಿದ ಕುಣಿತ, ದಯವಿಟ್ಟು ನನ್ನನ್ನು ಟ್ಯಾಗ್ ಮಾಡಿ ಅಂತ ಕಮೆಂಟ್ ಹಾಕುತ್ತಿದ್ದಳು. ಹೆಚ್ಚಿನವರು ಕಡೆಗಣಿಸಿದರು, ಕೆಲವರು ಗೇಲಿ ಮಾಡಿದರು. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅವಳ ಬಗ್ಗೆ ಬರೆದ ಮೇಲೆಯೇ ಜಗತ್ತಿಗೆ ಗೊತ್ತಾದದ್ದು. ಅದಾದ ಕೆಲವೇ ದಿನಗಳಲ್ಲಿ ಷಿಕಾಗೋದಲ್ಲಿ ನಡೆದ ಎನ್‌ಬಿಎ ಆಲ್ ಸ್ಟಾರ್ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಅವಳು ತನ್ನ ಕುಣಿತ ತಾನೇ ಕುಣಿದಳು. ಚಾರ್ಲಿಯೂ ಅವಳ ಹೆಸರು ಹೇಳಿದಳು, ಜೊತೆಗೆ ಕುಣಿದಳು.

ಸುಖಾಂತ್ಯ ಅನ್ನಿಸುತ್ತದೆ, ಅಲ್ವಾ? ದುಡ್ಡಿನ ಕಡೆಯಿಂದ ನೋಡಿ. 2020ರ ಜೂನ್‌ವರೆಗಿನ ಒಂದು ವರ್ಷದಲ್ಲಿ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಗಳಿಸಿದವರ ಪಟ್ಟಿಯನ್ನು ಫೋರ್ಬ್ಸ್ ಮಾಡಿತ್ತು. ಮೊದಲ ಹೆಸರು ಅಡಿಸನ್ ರೇ, ಅವಳೂ ಕುಣಿತದಿಂದ ಹೆಸರಾದ ಬಿಳಿ ಹುಡುಗಿ, ಸುಮಾರು 50 ಲಕ್ಷ ಡಾಲರ್. ಎರಡನೆಯದು ಚಾರ್ಲಿ, ಸುಮಾರು 40 ಲಕ್ಷ ಡಾಲರ್. ಮುಂದಿನ ವರ್ಷ, ಅಂದರೆ 2021ರಲ್ಲಿ, ಚಾರ್ಲಿಯ ಗಳಿಕೆ 1 ಕೋಟಿ 75 ಲಕ್ಷ ಡಾಲರ್‌ಗೆ ಏರಿತು.

ಚಾರ್ಲಿ ಕಳ್ಳಿ ಅಂತ ನಾನು ಹೇಳುತ್ತಿಲ್ಲ. ಹದಿನೈದರ ಹುಡುಗಿ ಟ್ರೆಂಡ್‌ನಲ್ಲಿದ್ದ ಕುಣಿತ ಕುಣಿದಳು, ಅಷ್ಟೇ. ನಾವು ನೋಡಬೇಕಿರುವುದು ಬೇರೆ. ಬ್ರ್ಯಾಂಡ್‌ನವರು ದುಡ್ಡು ಕೊಡುವುದು ಕುಣಿತ ಕಟ್ಟಿದವರಿಗಲ್ಲ, ಫಾಲೋವರ್ಸ್ ಇರುವವರಿಗೆ. ಟ್ರೆಂಡ್ ಹುಟ್ಟಿದ ಆ ಎರಡು ಮೂರು ತಿಂಗಳಲ್ಲಿ ಯಾರ ಹೆಸರು ಓಡುತ್ತದೋ ಫಾಲೋವರ್ಸ್ ಅವರಿಗೆ ಬರುತ್ತಾರೆ. ಹೆಸರು ತಡವಾಗಿ ಬಂದರೆ ಚಪ್ಪಾಳೆ ಬರುತ್ತದೆ, ಡೀಲ್ ಬರುವುದಿಲ್ಲ. ನಾನು ಕೆಲವು ವರ್ಷ ಜಾಹೀರಾತು ಸಂಸ್ಥೆಯೊಂದರಲ್ಲಿ ಇನ್‌ಫ್ಲುಯೆನ್ಸರ್ ಕ್ಯಾಂಪೇನ್ ನೋಡಿಕೊಳ್ಳುತ್ತಿದ್ದೆ. ನಮ್ಮ ಎಕ್ಸೆಲ್ ಶೀಟ್‌ನಲ್ಲಿ ಫಾಲೋವರ್ಸ್ ಎಷ್ಟು ಅನ್ನೋದಕ್ಕೆ ಕಾಲಂ ಇತ್ತು, ಎಂಗೇಜ್‌ಮೆಂಟ್‌ಗೆ, ಅಂದರೆ ಲೈಕ್, ಕಮೆಂಟ್ ಎಷ್ಟು ಅನ್ನೋದಕ್ಕೆ ಕಾಲಂ ಇತ್ತು, ಊರಿಗೆ ಕಾಲಂ ಇತ್ತು. ಇದನ್ನು ಮೊದಲು ಮಾಡಿದ್ದು ಯಾರು ಅನ್ನೋದಕ್ಕೆ ಕಾಲಂ ಇರಲಿಲ್ಲ. ಯಾವ ಸಂಸ್ಥೆಯ ಶೀಟ್‌ನಲ್ಲೂ ನಾನು ಅದನ್ನು ನೋಡಿಲ್ಲ.

ಎಂಎಸ್‌ಎಲ್ ವರದಿಯ ಇನ್ನೊಂದು ಅಂಕಿ ಇಲ್ಲಿಗೆ ಬಂದು ಸೇರುತ್ತದೆ. 50 ಸಾವಿರಕ್ಕಿಂತ ಕಡಿಮೆ ಫಾಲೋವರ್ಸ್ ಇರುವವರನ್ನು ನ್ಯಾನೊ, ಮೈಕ್ರೊ ಅನ್ನುತ್ತಾರೆ. ಕಪ್ಪು ಇನ್‌ಫ್ಲುಯೆನ್ಸರ್‌ಗಳಲ್ಲಿ 77% ಮಂದಿ ಈ ಕೆಳಗಿನ ಗುಂಪಿನಲ್ಲೇ ಇದ್ದರು. ಬಿಳಿಯರಲ್ಲಿ 59%. ಮೇಲಿನ ಗುಂಪಿಗೆ ಏರಿದವರು ಕಪ್ಪು ಜನಾಂಗದಲ್ಲಿ 23%, ಬಿಳಿಯರಲ್ಲಿ 41%. ದೊಡ್ಡ ದುಡ್ಡಿರುವುದು ಆ ಮೇಲಿನ ಗುಂಪಿನಲ್ಲಿ.

2021ರ ಮಾರ್ಚ್‌ನಲ್ಲಿ ಇದೇ ಕಥೆ ಟಿವಿಯಲ್ಲಿ ಎಲ್ಲರ ಕಣ್ಣೆದುರೇ ನಡೆಯಿತು. ಜಿಮ್ಮಿ ಫಾಲನ್ ಅವರ ರಾತ್ರಿ ಕಾರ್ಯಕ್ರಮಕ್ಕೆ ಅಡಿಸನ್ ರೇ ಬಂದಳು. ಫಾಲನ್ ಒಂದೊಂದೇ ಕುಣಿತದ ಹೆಸರಿರುವ ಕಾರ್ಡ್ ಹಿಡಿದರು, ಅವಳು ಒಂದೊಂದಾಗಿ 8 ಟಿಕ್‌ಟಾಕ್ ಕುಣಿತ ಕುಣಿದಳು. ಅದರಲ್ಲಿ ಹಲವನ್ನು ಕಟ್ಟಿದವರು ಕಪ್ಪು ಜನಾಂಗದ ಹುಡುಗ ಹುಡುಗಿಯರು. ಕಾರ್ಡ್‌ನಲ್ಲಿ ಕುಣಿತದ ಹೆಸರಿತ್ತು, ಮಾಡಿದವರ ಹೆಸರಿರಲಿಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೊದ ಕೆಳಗಿನ ವಿವರಣೆಯಲ್ಲಿ ಹೆಸರುಗಳಿದ್ದವು ನಿಜ. ಅದನ್ನು ಎಷ್ಟು ಜನ ಓದುತ್ತಾರೆ? ಗಲಾಟೆ ಆದ ಮೇಲೆ ಏಪ್ರಿಲ್‌ನಲ್ಲಿ ಫಾಲನ್ ಆ ಕುಣಿತ ಕಟ್ಟಿದವರನ್ನೇ ಕರೆಸಿ ಮಾತಾಡಿಸಿದರು. ವಿಡಿಯೊ ಕಾಲ್‌ನಲ್ಲಿ.

ಅದೇ ವರ್ಷ ಜೂನ್‌ನಲ್ಲಿ ಕಪ್ಪು ಜನಾಂಗದ ಟಿಕ್‌ಟಾಕರ್‌ಗಳು ಮುಷ್ಕರ ಹೂಡಿದರು. ಮುಷ್ಕರ ಅಂದರೆ ಘೋಷಣೆ, ಮೆರವಣಿಗೆ ಏನೂ ಇಲ್ಲ. ರ‍್ಯಾಪ್ ಗಾಯಕಿ ಮೆಗನ್ ದಿ ಸ್ಟ್ಯಾಲಿಯನ್‌ಳ ಹೊಸ ಹಾಡು ಬಂದಿತ್ತು. ಅವಳ ಹಾಡು ಬಂದರೆ ಒಂದು ಕುಣಿತ ಹುಟ್ಟಲೇಬೇಕು, ಅದು ವೈರಲ್ ಆಗಲೇಬೇಕು. ಈ ಸಲ ಅವರು ಕುಣಿತ ಕಟ್ಟಲಿಲ್ಲ. ಸುಮ್ನೆ ಕೂತರು. ಎರಿಕ್ ಲೂಯಿಸ್ ಎಂಬ ಯುವಕ ಕುಣಿಯುವವನಂತೆ ಶುರುಮಾಡಿ, ನಿಂತು, ಕಪ್ಪು ಜನ ಇಲ್ಲದಿದ್ದರೆ ಈ ಆ್ಯಪ್ ಏನೂ ಅಲ್ಲ ಅನ್ನೋ ಅರ್ಥದ ಮಾತು ಬರೆದು ಹಾಕಿದ. ಆ ಹಾಡಿಗೆ ಉಳಿದವರು ಏನೇನೋ ಕೈಕಾಲು ಆಡಿಸಿದ ವಿಡಿಯೊಗಳು ಬಂದವು. ಕುಣಿತ ಎಲ್ಲಿಂದ ಬರುತ್ತಿತ್ತು ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾವ ವರದಿಯೂ ತೋರಿಸಿಲ್ಲ ಅಂತ ನನ್ನ ಅಭಿಪ್ರಾಯ.

ಯಾರೋ ಕೇಳುತ್ತಿದ್ದೀರಿ, ಕಾಪಿರೈಟ್ ಇಲ್ಲವೇ ಅಂತ. ಒಳ್ಳೆಯ ಪ್ರಶ್ನೆ. ಅಮೆರಿಕದ 1976ರ ಕಾಪಿರೈಟ್ ಕಾನೂನು ನೃತ್ಯ ಸಂಯೋಜನೆಗೂ ರಕ್ಷಣೆ ಕೊಡುತ್ತದೆ. ಆದರೆ ಒಂದೆರಡು ಹೆಜ್ಜೆ, ಚಿಕ್ಕ ತುಣುಕು, ಜನ ಸಾಮಾನ್ಯವಾಗಿ ಕುಣಿಯುವ ಕುಣಿತ ಇವಕ್ಕೆ ಕೊಡುವುದಿಲ್ಲ. ಟಿವಿ ನಟ ಅಲ್ಫಾನ್ಸೊ ರಿಬೇರೊ ತನ್ನ ಪ್ರಸಿದ್ಧ ಕಾರ್ಲ್ಟನ್ ಕುಣಿತವನ್ನು ನೋಂದಾಯಿಸಲು ಹೋದಾಗ 2019ರಲ್ಲಿ ಕಾಪಿರೈಟ್ ಕಚೇರಿ, ಇದು ಸರಳ ಹೆಜ್ಜೆಗಳು ಅಷ್ಟೇ ಅಂತ ತಿರಸ್ಕರಿಸಿತು. ಅಷ್ಟು ದೊಡ್ಡ ನಟನ ಅರ್ಜಿಗೇ ಹೀಗಾದರೆ, 15 ಸೆಕೆಂಡಿನ ಕುಣಿತ ಕಟ್ಟಿದ ಶಾಲೆ ಹುಡುಗಿಯ ಗತಿ ಏನು?

ಇನ್ನು ಆ್ಯಪ್‌ಗಳು. 2020ರ ಮಾರ್ಚ್‌ನಲ್ಲಿ ದಿ ಇಂಟರ್‌ಸೆಪ್ಟ್ ಪತ್ರಿಕೆ ಟಿಕ್‌ಟಾಕ್‌ನ ಒಳಗಿನ ಸೂಚನೆಗಳನ್ನು ಬಯಲು ಮಾಡಿತು. ಹೊಸಬರಿಗೆ ಕಾಣುವ ಫೀಡ್‌ನಿಂದ ಯಾವ ವಿಡಿಯೊ ಹೊರಗಿಡಬೇಕು ಅಂತ ಮಾಡರೇಟರ್‌ಗಳಿಗೆ, ಅಂದರೆ ವಿಡಿಯೊ ಪರಿಶೀಲಿಸುವ ಸಿಬ್ಬಂದಿಗೆ, ಕೊಟ್ಟ ಸೂಚನೆ. ಚಂದ ಇಲ್ಲದ ಮುಖ, ದಪ್ಪ ದೇಹ, ಹಿಂದೆ ಕಾಣುವ ಕೊಳೆಗೇರಿ, ಹಳ್ಳಿಯ ಹೊಲಗದ್ದೆ, ಬಿರುಕು ಬಿಟ್ಟ ಗೋಡೆ. ಇಂಥವು ಕಾಣಿಸಿದರೆ ಆ ವಿಡಿಯೊವನ್ನು ಮುಂದೆ ತಳ್ಳಬೇಡಿ. ಸ್ವಲ್ಪ ಯೋಚಿಸಿ. ಗೋಡೆಯ ಬಿರುಕು! ವಿಡಿಯೊದಲ್ಲಿ ಏನು ಹೇಳಿದ್ದಾರೆ ಅನ್ನೋದಕ್ಕೂ ಅದಕ್ಕೂ ಏನು ಸಂಬಂಧ? ಈ ಸೂಚನೆಯಲ್ಲಿ ಬಣ್ಣದ ಹೆಸರಿಲ್ಲ. ಆದರೆ ಬಡತನಕ್ಕೂ ಬಣ್ಣಕ್ಕೂ ಅಮೆರಿಕದಲ್ಲಿ ಎಷ್ಟು ಹತ್ತಿರದ ನಂಟಿದೆ ಅಂತ ನಿಮಗೆ ಗೊತ್ತು. ಈ ಸೂಚನೆಗಳು ಕಿರುಕುಳ ತಡೆಯುವುದಕ್ಕಿದ್ದವು, ಹೆಚ್ಚಿನವು ಈಗ ಬಳಕೆಯಲ್ಲಿಲ್ಲ ಅಂತ ಕಂಪನಿ ಹೇಳಿತು.

ನಮ್ಮ ಕಡೆಯದ್ದೂ ಒಂದು ಮಾತು ಇಲ್ಲಿ ಹೇಳಲೇಬೇಕು. 2020ರ ಜೂನ್ 29ರಂದು ನಮ್ಮ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದಕ್ಕೆ ಕಾರಣ ಗಡಿ ಜಗಳ, ಅದು ಬೇರೆ ವಿಷಯ. ಆದರೆ ನಮ್ಮಲ್ಲಿ ಹೊಲದ ಬದುವಿನ ಮೇಲೆ ನಿಂತು, ಶೀಟಿನ ಮನೆ ಮುಂದೆ ನಿಂತು ಟಿಕ್‌ಟಾಕ್ ಮಾಡಿದ ಎಷ್ಟೋ ಹುಡುಗರಿದ್ದರು. ಅವರಲ್ಲಿ ಹಲವರು ಇನ್‌ಸ್ಟಾಗ್ರಾಮ್ ರೀಲ್ಸ್‌ಗೆ ಬಂದಾಗ ಅದೇ ಓಟ ಸಿಗಲಿಲ್ಲ. ಅಲ್ಲಿ ಆಗಲೇ ನಗರದವರ, ಇಂಗ್ಲಿಷ್ ಬಲ್ಲವರ ಗುಂಪು ಕೂತಿತ್ತು. ಅಮೆರಿಕದ ವರ್ಣಭೇದವನ್ನೂ ನಮ್ಮ ಜಾತಿ, ಊರು, ಭಾಷೆಯ ಭೇದವನ್ನೂ ಒಂದೇ ಅಂತ ನಾನು ಹೇಳುವುದಿಲ್ಲ, ಎರಡರ ಇತಿಹಾಸವೂ ಬೇರೆ. ಆದರೆ ಗೋಡೆಯ ಬಿರುಕು ನೋಡಿ ಜನರನ್ನು ಹೊರಗಿಡುವ ಕಣ್ಣನ್ನು ನಾವೂ ಬಲ್ಲೆವು.

ಮತ್ತೆ ಅಮೆರಿಕಕ್ಕೆ ಬರೋಣ. 2021ರ ಜುಲೈನಲ್ಲಿ ಜಿಗ್ಗಿ ಟೈಲರ್ ಎಂಬ ಕಪ್ಪು ಕ್ರಿಯೇಟರ್ ಟಿಕ್‌ಟಾಕ್‌ನ ಕ್ರಿಯೇಟರ್ ಮಾರ್ಕೆಟ್‌ಪ್ಲೇಸ್‌ನಲ್ಲಿ ತನ್ನ ಪರಿಚಯ ಬರೆಯಲು ಕೂತ. ಬ್ರ್ಯಾಂಡ್‌ನವರು ಕ್ರಿಯೇಟರ್‌ಗಳನ್ನು ಹುಡುಕಿಕೊಂಡು ಬರುವ ಜಾಗ ಅದು. ಅಂದರೆ ಕೆಲಸ ಸಿಗುವ ಬಾಗಿಲು. ತನ್ನ ಬಗ್ಗೆ ಬರೆಯುವಾಗ ಕಪ್ಪು ಅನ್ನೋ ಪದ ಹಾಕಿದ. ಅನುಚಿತ ಪದ ಇದೆ, ತೆಗೆಯಿರಿ ಅಂತ ಎಚ್ಚರಿಕೆ ಬಂತು. ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’, ಅಂದರೆ ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಅನ್ನೋ ಚಳವಳಿಯ ಘೋಷಣೆ, ಬರೆದ. ಅದೇ ಎಚ್ಚರಿಕೆ. ಆಮೇಲೆ ಬಿಳಿಯರೇ ಶ್ರೇಷ್ಠ ಅನ್ನೋ ಅರ್ಥದ ಪದ ಹಾಕಿ ನೋಡಿದ. ಎಚ್ಚರಿಕೆ ಬರಲಿಲ್ಲ. ಇದೆಲ್ಲವನ್ನೂ ಸ್ಕ್ರೀನ್ ರೆಕಾರ್ಡ್ ಮಾಡಿ ಹಾಕಿದ. ದ್ವೇಷದ ಮಾತು ಹಿಡಿಯುವ ವ್ಯವಸ್ಥೆಯಲ್ಲಿ ಆದ ತಪ್ಪು ಅಂತ ಕಂಪನಿ ಕ್ಷಮೆ ಕೇಳಿತು. ತಪ್ಪೇ ಇರಬಹುದು, ನಾನು ನಂಬುತ್ತೇನೆ. ಆದರೆ ಕೆಲಸ ಕೇಳುವ ಜಾಗದಲ್ಲಿ ‘ನಾನು ಇಂಥವನು’ ಅಂತ ಬರೆದುಕೊಳ್ಳಲು ಆಗದಿದ್ದ ಅಷ್ಟೂ ದಿನ ಎಷ್ಟು ಜನ ಸುಮ್ನೆ ಆ ಪದ ಅಳಿಸಿ ಮುಂದೆ ಹೋಗಿರಬಹುದು!

ಈಗ ನಿಜವಾದ ದುಡ್ಡಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ದನದ ಜಾತ್ರೆ ನೋಡಿದವರಿದ್ದೀರಾ? ಘಾಟಿ ಸುಬ್ರಹ್ಮಣ್ಯದ ಜಾತ್ರೆ? ದಲ್ಲಾಳಿ ಬಂದು ಮಾರುವವನ ಕೈಮೇಲೆ ಟವೆಲ್ ಹೊದಿಸುತ್ತಾನೆ. ಅದರ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ನಿಂತವರಿಗೆ ಮುಖ ಕಾಣುತ್ತದೆ, ದರ ಕಾಣುವುದಿಲ್ಲ. ಆಮೇಲೆ ಅದೇ ದಲ್ಲಾಳಿ ಪಕ್ಕದವನ ಕೈಮೇಲೂ ಟವೆಲ್ ಹಾಕುತ್ತಾನೆ. ಇಬ್ಬರಿಗೂ ಹೇಳಿದ ದರ ಎರಡೂ ಗೊತ್ತಿರುವುದು ದಲ್ಲಾಳಿಗೆ ಮಾತ್ರ. ಬ್ರ್ಯಾಂಡ್ ಡೀಲ್ ನಡೆಯುವುದು ಹಾಗೇ.

ಕ್ಯಾಂಪೇನ್ ನೋಡಿಕೊಳ್ಳುವವರ ಹತ್ತಿರ ಒಟ್ಟು ಬಜೆಟ್ ಇರುತ್ತದೆ. ಅದನ್ನು ಕ್ರಿಯೇಟರ್‌ಗೆ ಹೇಳುವುದಿಲ್ಲ. ‘ನಿಮ್ಮ ರೇಟ್ ಕಾರ್ಡ್ ಕಳಿಸಿ’ ಅನ್ನುತ್ತಾರೆ, ಅಂದರೆ ನಿಮ್ಮ ದರದ ಪಟ್ಟಿ. ಮಾರುಕಟ್ಟೆಯ ದರ ಗೊತ್ತಿದ್ದವರು 2,000 ಡಾಲರ್ ಅನ್ನುತ್ತಾರೆ, ಗೊತ್ತಿಲ್ಲದವರು 500 ಅನ್ನುತ್ತಾರೆ. 500 ಅಂದವರಿಗೆ ‘ಅಯ್ಯೋ, ನಮ್ಮ ಹತ್ತಿರ ಜಾಸ್ತಿ ಇದೆ’ ಅಂತ ಯಾರೂ ಹೇಳುವುದಿಲ್ಲ. ದರ ಗೊತ್ತಾಗುವುದು ಹೇಗೆ? ಏಜೆಂಟ್ ಇದ್ದರೆ ಗೊತ್ತಾಗುತ್ತದೆ. ಈ ಉದ್ಯಮದಲ್ಲಿ ಕೆಲಸ ಮಾಡುವ ಗೆಳೆಯರಿದ್ದರೆ ಗೊತ್ತಾಗುತ್ತದೆ. ಅಮೆರಿಕದ ಜಾಹೀರಾತು, ಪಿಆರ್ ಕಚೇರಿಗಳಲ್ಲಿ ಕೂತಿರುವವರಲ್ಲಿ ಬಿಳಿಯರೇ ಬಹುಪಾಲು. ಅವರ ಗೆಳೆಯರಿಗೆ ಗೊತ್ತಿರುವ ದರ ಕಪ್ಪು ಜನಾಂಗದ ಹುಡುಗಿಗೆ ತಲುಪುವುದಿಲ್ಲ. ಆಮೇಲೆ ‘ಅವಳು ಕೇಳಿದ್ದೇ ಕಡಿಮೆ’ ಅಂತ ಒಂದು ಮಾತು. ಎಂಎಸ್‌ಎಲ್ ಅಧ್ಯಯನದಲ್ಲಿ ಕಪ್ಪು ಇನ್‌ಫ್ಲುಯೆನ್ಸರ್‌ಗಳಲ್ಲಿ 49% ಜನ, ತಮಗೆ ಮಾರುಕಟ್ಟೆ ದರಕ್ಕಿಂತ ಕಡಿಮೆ ಆಫರ್ ಬರಲು ತಮ್ಮ ಜನಾಂಗವೇ ಒಂದು ಕಾರಣ ಅಂದಿದ್ದರು.

ಈ ಟವೆಲನ್ನು ಎತ್ತಿದ್ದು ಒಬ್ಬ ಹೆಣ್ಣುಮಗಳು. 2020ರ ಜೂನ್‌ನಲ್ಲಿ ಲಂಡನ್‌ನ ಅಡೆಸುವಾ ಅಜಾಯಿ ‘ಇನ್‌ಫ್ಲುಯೆನ್ಸರ್ ಪೇ ಗ್ಯಾಪ್’ ಅಂತ ಒಂದು ಇನ್‌ಸ್ಟಾಗ್ರಾಮ್ ಖಾತೆ ತೆರೆದರು. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸ್ ಅಧಿಕಾರಿ ಕೊಂದ ನಂತರ ಕಂಪನಿಗಳೆಲ್ಲ ಇನ್‌ಸ್ಟಾಗ್ರಾಮ್‌ನಲ್ಲಿ ಕಪ್ಪು ಚೌಕದ ಚಿತ್ರ ಹಾಕಿ ಬೆಂಬಲ ತೋರಿಸುತ್ತಿದ್ದ ದಿನಗಳವು. ಅವರು ಮಾಡಿದ್ದು ಬಹಳ ಸರಳ ಕೆಲಸ. ಹೆಸರು ಹೇಳದೆ ಕ್ರಿಯೇಟರ್‌ಗಳು ತಮ್ಮ ಜನಾಂಗ, ಫಾಲೋವರ್ಸ್, ಎಷ್ಟು ವಿಡಿಯೊ, ಎಷ್ಟು ದುಡ್ಡು ಅಂತ ಕಳಿಸಬೇಕು. ಅವರು ಅದನ್ನು ಹಾಕುತ್ತಾರೆ. ಅಷ್ಟೇ. ಅವು ಒಂದರ ಕೆಳಗೊಂದು ಬರತೊಡಗಿದಾಗ ಚಿತ್ರ ಸ್ಪಷ್ಟವಾಯಿತು. ಒಂದೇ ಬಗೆಯ ಕೆಲಸಕ್ಕೆ ಒಬ್ಬರಿಗೆ ದುಡ್ಡು, ಇನ್ನೊಬ್ಬರಿಗೆ ಕ್ರೀಮಿನ ಡಬ್ಬಿ. ನೀವೂ ಇಂಥ ಮೆಸೇಜ್ ನೋಡಿರುತ್ತೀರಿ, ‘ಸದ್ಯ ಬಜೆಟ್ ಇಲ್ಲ, ಪ್ರಾಡಕ್ಟ್ ಕಳಿಸಿಕೊಡ್ತೀವಿ, ನಿಮಗೆ ಒಳ್ಳೆ ಎಕ್ಸ್‌ಪೋಷರ್ ಸಿಗುತ್ತೆ’ ಅಂತ. ಬಜೆಟ್ ಇತ್ತು ಅನ್ನೋದು ಗೊತ್ತಾಗಿದ್ದು ಪಕ್ಕದವಳ ಲೆಕ್ಕ ಕಂಡಾಗ. ಮುಂದೆ 2022ರ ಮೇನಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಇನ್‌ಫ್ಲುಯೆನ್ಸರ್ ಉದ್ಯಮದ ಬಗ್ಗೆ ಕೊಟ್ಟ ವರದಿಯಲ್ಲೂ ಈ ತಾರತಮ್ಯದ ಪ್ರಸ್ತಾಪ ಬಂತು.

ಹೀಗೆ ಮಾತಾಡಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಖಾಬಿ ಲಾಮೆ ಇಲ್ಲವೇ ಅಂತ. ಸೆನೆಗಲ್‌ನಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದ ಕಪ್ಪು ಯುವಕ. ಕೊರೊನಾ ಕಾಲದಲ್ಲಿ ಕಾರ್ಖಾನೆ ಕೆಲಸ ಹೋಯಿತು, ಮನೆಯಲ್ಲಿ ಕೂತು ಮಾತೇ ಆಡದ ವಿಡಿಯೊ ಮಾಡಿದ, 2022ರ ಜೂನ್‌ನಲ್ಲಿ ಚಾರ್ಲಿಯನ್ನೂ ಹಿಂದೆ ಹಾಕಿ ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಫಾಲೋವರ್ಸ್ ಇರುವವನಾದ. ಅವನನ್ನು ನೋಡಿದರೆ ನನಗೂ ಖುಷಿ. ಆದರೆ ತುದಿಯಲ್ಲಿ ನಿಂತ ಒಬ್ಬನನ್ನು ತೋರಿಸಿ ಮಧ್ಯದಲ್ಲಿರುವ ಸಾವಿರಾರು ಜನರ ಲೆಕ್ಕ ಮುಚ್ಚಲಾಗುವುದಿಲ್ಲ. ಬಾಡಿಗೆ ಕಟ್ಟಲು ತಿಂಗಳಿಗೆ ಎರಡು ಡೀಲ್ ಬೇಕಾದವರ ಮಾತು ನಾವು ಆಡುತ್ತಿರುವುದು.

ಕಾನೂನು ಏನು ಹೇಳುತ್ತದೆ? ಅಮೆರಿಕದಲ್ಲಿ ಕೆಲಸದ ಜಾಗದಲ್ಲಿ ಜನಾಂಗದ ತಾರತಮ್ಯ ಮಾಡಬಾರದು ಅನ್ನೋ 1964ರ ಕಾನೂನಿದೆ. ಅದು ನೌಕರರಿಗೆ. ಕ್ರಿಯೇಟರ್ ನೌಕರ ಅಲ್ಲ, ಸ್ವತಂತ್ರ ಗುತ್ತಿಗೆದಾರ. ಅವರಿಗೆ ಉಳಿಯುವುದು ಬಹಳ ಹಳೆಯ ಇನ್ನೊಂದು ಕಾನೂನು, 1866ರದ್ದು. ಅಂತರ್ಯುದ್ಧ ಮುಗಿದು ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ ಮಾಡಿದ್ದು. ಒಪ್ಪಂದ ಮಾಡಿಕೊಳ್ಳುವ ವಿಷಯದಲ್ಲಿ ಬಿಳಿ ನಾಗರಿಕರಿಗೆ ಇರುವ ಹಕ್ಕೇ ಎಲ್ಲರಿಗೂ ಇರಬೇಕು ಅನ್ನುತ್ತದೆ ಅದು. ಎಷ್ಟು ಒಳ್ಳೆಯ ಮಾತು! ಆದರೆ 2020ರ ಮಾರ್ಚ್‌ನಲ್ಲಿ ಕಾಮ್‌ಕಾಸ್ಟ್ ಎಂಬ ಕೇಬಲ್ ಟಿವಿ ಕಂಪನಿಯ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ಷರತ್ತು ಹೇಳಿತು. ಜನಾಂಗವೂ ಒಂದು ಕಾರಣ ಅಂತ ತೋರಿಸಿದರೆ ಸಾಲದು, ಜನಾಂಗ ಒಂದು ಬೇರೆ ಆಗಿದ್ದಿದ್ದರೆ ಈ ನಷ್ಟ ಆಗುತ್ತಲೇ ಇರಲಿಲ್ಲ ಅಂತ ತೋರಿಸಬೇಕು. ದರವೇ ಗುಟ್ಟಾಗಿರುವ ಕಡೆ ಇದನ್ನು ತೋರಿಸುವುದು ಹೇಗೆ?

ಕೆಲವರು ಪ್ರಯತ್ನ ಮಾಡಿದರು. 2020ರ ಜೂನ್‌ನಲ್ಲಿ ಕಪ್ಪು ಜನಾಂಗದ ಕೆಲವು ಯೂಟ್ಯೂಬರ್‌ಗಳು ಕ್ಯಾಲಿಫೋರ್ನಿಯಾದಲ್ಲಿ ಯೂಟ್ಯೂಬ್ ಮೇಲೆ ಮೊಕದ್ದಮೆ ಹೂಡಿದರು. ಯಾವ ವಿಡಿಯೊ ಯಾರಿಗೆ ತೋರಿಸಬೇಕು ಅಂತ ತೀರ್ಮಾನಿಸುವ ಆಲ್ಗಾರಿದಮ್ ತಮ್ಮ ವಿಡಿಯೊಗಳನ್ನು ನಿರ್ಬಂಧಿಸುತ್ತದೆ, ಜಾಹೀರಾತಿನ ದುಡ್ಡು ತಪ್ಪುತ್ತದೆ ಅನ್ನೋದು ಅವರ ದೂರು. ಕಂಪನಿ ಅದನ್ನು ಅಲ್ಲಗಳೆಯಿತು. 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಮೊಕದ್ದಮೆ ವಜಾ ಮಾಡಿದರು. ಆಲ್ಗಾರಿದಮ್ ಜನಾಂಗದ ಆಧಾರದ ಮೇಲೆ ಭೇದ ಮಾಡಬಹುದು ಅನ್ನೋ ವಿಚಾರ ಅಸಂಭವ ಅಂತ ಅವರು ಹೇಳಲಿಲ್ಲ. ಹಾಗೆ ನಡೆದಿದೆ ಅನ್ನಲು ಇವರು ಕೊಟ್ಟ ಹೋಲಿಕೆಗಳು ಸಾಲದು ಅಂದರು. ಹೋಲಿಕೆ ಕೊಡಲು ಬೇಕಾದ ಮಾಹಿತಿ ಹೊರಗಿನವರ ಕೈಗೆ ಎಲ್ಲಿ ಸಿಗುತ್ತದೆ?

ಅದೇ 1866ರ ಕಾನೂನು ಇನ್ನೊಂದು ಕಡೆ ಚೆನ್ನಾಗಿ ಕೆಲಸ ಮಾಡಿತು. ಅಟ್ಲಾಂಟಾದಲ್ಲಿ ಫಿಯರ್‌ಲೆಸ್ ಫಂಡ್ ಅಂತ ಒಂದು ಸಂಸ್ಥೆ, ಕಪ್ಪು ಮಹಿಳೆಯರ ಸಣ್ಣ ಉದ್ಯಮಗಳಿಗೆ 20,000 ಡಾಲರ್ ಅನುದಾನ ಕೊಡುತ್ತಿತ್ತು. ಇದು ಬೇರೆ ಜನಾಂಗದವರಿಗೆ ಮಾಡುವ ಭೇದ ಅಂತ 2023ರಲ್ಲಿ ಒಂದು ಗುಂಪು ಇದೇ ಕಾನೂನಿನಡಿ ಕೋರ್ಟಿಗೆ ಹೋಯಿತು. 2024ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಗುಂಪಿನ ಪರ ನಿಂತಿತು. ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಅನುದಾನವೇ ನಿಂತುಹೋಯಿತು. ಬಿಡುಗಡೆಯಾದ ಗುಲಾಮರಿಗಾಗಿ ಮಾಡಿದ ಕಾನೂನು ಅವರ ಮೊಮ್ಮಕ್ಕಳ ಮೊಮ್ಮಕ್ಕಳ ಬಾಗಿಲು ಮುಚ್ಚಿತು. ಇದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಗಿತ್ತು, ಈಗಲೂ ಆಗುತ್ತದೆ.

ಫ್ಲಾಯ್ಡ್ ಕೊಲೆಯ ನಂತರ ಕಂಪನಿಗಳು ಕೊಟ್ಟ ಮಾತುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಯೂಟ್ಯೂಬ್ ಕಪ್ಪು ಕ್ರಿಯೇಟರ್‌ಗಳಿಗಾಗಿ 10 ಕೋಟಿ ಡಾಲರ್ ನಿಧಿ ಘೋಷಿಸಿತು. ಟ್ರಿಲ್ಲರ್ ಎಂಬ ಆ್ಯಪ್ 2021ರ ನವೆಂಬರ್‌ನಲ್ಲಿ 300 ಕಪ್ಪು ಕ್ರಿಯೇಟರ್‌ಗಳಿಗೆ ಒಟ್ಟು 1 ಕೋಟಿ 40 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ಒಬ್ಬೊಬ್ಬರಿಗೆ ತಿಂಗಳಿಗೆ 4,000, ಅರ್ಧ ನಗದು, ಅರ್ಧ ಕಂಪನಿಯ ಷೇರು. ಅದನ್ನು ನಂಬಿ ಇದ್ದ ಕೆಲಸ ಬಿಟ್ಟವರಿದ್ದರು. ದುಡ್ಡು ತಡವಾಯಿತು, ಕೆಲವರಿಗೆ ಬರಲೇ ಇಲ್ಲ, ಬಾಡಿಗೆ ಕಟ್ಟಲಾಗದ ಸ್ಥಿತಿ ಬಂತು ಅಂತ 2022ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತು. ನಮ್ಮ ಕಡೆಯಿಂದ ಆಗಬೇಕಾದದ್ದನ್ನೆಲ್ಲ ಮಾಡಿದ್ದೇವೆ ಅಂತ ಟ್ರಿಲ್ಲರ್ ವಾದಿಸಿತು. 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗಳ ಒಡೆಯ ಮೆಟಾ, ಎಲ್ಲ ಜನಾಂಗದವರಿಗೂ ಅವಕಾಶ ಸಿಗಲಿ ಅಂತ ನಡೆಸುತ್ತಿದ್ದ ತನ್ನ ವೈವಿಧ್ಯದ ಕಾರ್ಯಕ್ರಮಗಳನ್ನೇ ನಿಲ್ಲಿಸುವುದಾಗಿ ಹೇಳಿತು.

ಇಷ್ಟೆಲ್ಲ ಆಗುವಾಗ ಕ್ರಿಯೇಟರ್‌ಗಳು ಬಾಯಿ ಬಿಟ್ಟು ಮಾತಾಡಬೇಕಿತ್ತು ಅನ್ನುವವರಿದ್ದಾರೆ. ಮಾತಾಡಿದರೆ ಏನಾಗುತ್ತದೆ ನೋಡಿ. ಜನಾಂಗದ ವಿಷಯದಲ್ಲಿ ಪೋಸ್ಟ್ ಹಾಕಿದ್ದರಿಂದ ದುಡ್ಡಿಗೆ ಪೆಟ್ಟು ಬಿತ್ತು ಅಂದವರು ಬಿಳಿಯರಲ್ಲಿ 14%, ಕಪ್ಪು ಜನಾಂಗದಲ್ಲಿ 59%. ಇದೂ ಎಂಎಸ್‌ಎಲ್ ಅಧ್ಯಯನದ್ದೇ ಅಂಕಿ. ಅಂದರೆ ಕಡಿಮೆ ಕೊಟ್ಟರು ಅಂತ ಹೇಳಿದರೆ ಇನ್ನೂ ಕಡಿಮೆ ಸಿಗುತ್ತದೆ.

ನಿಮ್ಮ ಅಕ್ಕನೋ ಚಿಕ್ಕಪ್ಪನ ಮಗಳೋ ನ್ಯೂಜೆರ್ಸಿಯಲ್ಲಿ, ಡಲ್ಲಾಸ್‌ನಲ್ಲಿ ಕೂತು ಅಡುಗೆ ಚಾನೆಲ್ ಮಾಡುತ್ತಿರಬಹುದು. ಆ 29% ಅಂಕಿಯಲ್ಲಿ ಬಿಳಿಯರಲ್ಲದ ಎಲ್ಲರೂ ಸೇರಿದ್ದಾರೆ. ಅಲ್ಲಿರುವ ನಮ್ಮವರೂ ಆ ಕಡೆಯೇ ಬರುತ್ತಾರೆ. ಇಲ್ಲಿಯೂ ‘ರೀಜನಲ್’ ಅಂತ ಒಂದು ಕಾಲಂ ಇರುತ್ತದೆ. ಅದೇ ಸೋಪು, ಅದೇ ಒಂದು ನಿಮಿಷದ ವಿಡಿಯೊ, ಕನ್ನಡದಲ್ಲಿ ಮಾಡಿದರೆ ಒಂದು ದರ, ಇಂಗ್ಲಿಷ್‌ನಲ್ಲಿ ಮಾಡಿದರೆ ಇನ್ನೊಂದು. ಜಾಹೀರಾತು ಕೊಡುವವರು ಇಂಗ್ಲಿಷ್ ನೋಡುಗರ ಕಿಸೆ ದೊಡ್ಡದು ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಎಷ್ಟು ಸರಿ ಅಂತ ಕೇಳಬೇಕಾದವರು ನೀವು.

ಕೊನೆಗೆ, ಹಿಂದಿನ ಸಾಲಿನಿಂದ ಚೀಟಿಯಲ್ಲಿ ಬಂದ ಪ್ರಶ್ನೆ. ‘ದರವನ್ನು ಯಾರಿಗೂ ಹೇಳಬಾರದು ಅಂತ ಒಪ್ಪಂದದಲ್ಲೇ ಬರೆಸಿದರೆ ಏನು ಮಾಡೋದು ಮೇಡಂ?’ ಅಮೆರಿಕದಲ್ಲಿ 1935ರ ಕಾರ್ಮಿಕ ಕಾನೂನು, ನೌಕರರು ತಮ್ಮ ಸಂಬಳದ ಬಗ್ಗೆ ತಮ್ಮತಮ್ಮಲ್ಲಿ ಮಾತಾಡುವ ಹಕ್ಕನ್ನು ರಕ್ಷಿಸುತ್ತದೆ. ಗುತ್ತಿಗೆದಾರರಿಗೆ ಅದೂ ಇಲ್ಲ. ಹಾಗಾಗಿ ಕ್ರಿಯೇಟರ್‌ಗಳು ಕಂಡುಕೊಂಡ ದಾರಿ ಹೇಳುತ್ತೇನೆ. ಸಹಿ ಹಾಕುವ ಮೊದಲೇ ಕೇಳಿ, ಆ ಸಾಲು ತೆಗೆಯಿರಿ ಅಂತ. ಎಷ್ಟೋ ಸಲ ತೆಗೆಯುತ್ತಾರೆ, ಅದು ಹಳೆ ನಮೂನೆಯಿಂದ ಹಾಗೇ ಬಂದಿರುತ್ತದೆ. ದರ ಹೇಳುವ ಮೊದಲು ಅವರ ಬಜೆಟ್ ಎಷ್ಟು ಅಂತ ನೀವೇ ಕೇಳಿ. ಸಹಿ ಹಾಕದೆ ಬಿಟ್ಟ ಆಫರ್ ಇದ್ದರೆ ಅದರ ದರ ನಿಮ್ಮ ಗೆಳತಿಗೆ ಹೇಳಿ, ಗುಟ್ಟು ಕಾಯುವ ಕಾಗದಕ್ಕೆ ಮೊದಲೇ ಸಹಿ ಹಾಕಿಲ್ಲದಿದ್ದರೆ ಅದಕ್ಕೆ ಸಾಮಾನ್ಯವಾಗಿ ಒಪ್ಪಂದ ಅಡ್ಡ ಬರುವುದಿಲ್ಲ. ನಿಮ್ಮ ವಿಡಿಯೊವನ್ನು ಅವರ ಜಾಹೀರಾತಿಗೆ ಎಷ್ಟು ದಿನ ಬಳಸಬಹುದು ಅನ್ನೋ ಸಾಲನ್ನು ಎರಡು ಸಲ ಓದಿ. ಅಲ್ಲಿ ‘ಶಾಶ್ವತವಾಗಿ’ ಅಂತ ಇದ್ದರೆ ದರ ಎಷ್ಟೇ ಇರಲಿ, 30 ದಿನಕ್ಕೆ ಇಳಿಸಿ, ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆ ದುಡ್ಡು ಅಂತ ಬರೆದು ವಾಪಸ್ ಕಳಿಸಿ.